ದಾದಿಯ ಕೈ, ರೋಗಿಯ ಕೈ

ಸುಮಾರು 40 ವರ್ಷಗಳ ಹಿಂದಿನ ಮಾತು. ನಾನು ಆಗತಾನೆ ತರಬೇತು ಮುಗಿಸಿ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿದ್ದೆ. ಗಂಡಸರ ಶಸ್ತ್ರಚಿಕಿತ್ಸೆಯ ವಾರ್ಡಿಗೆ ಒಬ್ಬ ರೈತರು ಬಂದರು. ಐವತ್ತು ದಾಟಿದ ವಯಸ್ಸು, ಸಕ್ಕರೆ ಕಾಯಿಲೆ. ಬಲಗಾಲಿನ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ, ರೂಪಾಯಿ ಅಗಲದ ಹುಣ್ಣು. ಗದ್ದೆಯಲ್ಲಿ ಏನೋ ಚುಚ್ಚಿಕೊಂಡಿತ್ತು. ಯಾವಾಗ ಚುಚ್ಚಿತೆಂಬುದು ಅವರಿಗೇ ತಿಳಿಯದು. ಈ ಕಾಯಿಲೆ ಬಹುಕಾಲ ಉಳಿದರೆ ಕಾಲಿನ ನರಗಳು ಮಂಕಾಗುತ್ತವೆ. ಮುಳ್ಳು ಚುಚ್ಚಿದರೂ ನೋವಾಗುವುದಿಲ್ಲ. ನೋವಾಗದ್ದರಿಂದ ಕಾಲನ್ನು ನೋಡಿಕೊಳ್ಳಬೇಕೆಂಬ ಯೋಚನೆಯೂ ಬರುವುದಿಲ್ಲ.

ಆರು ವಾರ ನಾವು ಅವರನ್ನು ಬಹಳ ಚೆನ್ನಾಗಿ ನೋಡಿಕೊಂಡೆವು. ದಿನವೂ ಹುಣ್ಣನ್ನು ತೊಳೆದು ಪಟ್ಟಿ ಕಟ್ಟಿದೆವು. ಬೆಳಗ್ಗೆ, ಸಂಜೆ ಇನ್ಸುಲಿನ್ ಚುಚ್ಚಿದೆವು. ಇಷ್ಟು ಅನ್ನ, ಇಷ್ಟು ಮುದ್ದೆ ಎಂದು ಅಳೆದು ಕೊಟ್ಟೆವು. ಒಂದು ದಿನ ಪಟ್ಟಿ ಬಿಚ್ಚುವಾಗ ಅವರು ಕುತೂಹಲದಿಂದ ಕಾಲನ್ನು ಮಡಿಸಿ ನೋಡಲು ಹೋದರು. "ನೀವು ಮುಟ್ಟಬೇಡಿ, ಸುಮ್ಮನೆ ಮಲಗಿಕೊಳ್ಳಿ. ನಾವಿದ್ದೇವಲ್ಲ" ಎಂದೆ. ವಿಶ್ವಾಸದಿಂದಲೇ ಹೇಳಿದ ಮಾತು ಅದು. ಹುಣ್ಣು ಮಾಯಿತು. ಮನೆಗೆ ಹೊರಡುವ ದಿನ ಅವರು ಒಬ್ಬೊಬ್ಬರಿಗೂ ಕೈಮುಗಿದು ಹೋದರು. ವಾರ್ಡಿನವರೆಲ್ಲರಿಗೂ ಸಂತೋಷವಾಯಿತು.

ಐದು ತಿಂಗಳಲ್ಲಿ ಮತ್ತೆ ಬಂದರು. ಈ ಸಲ ಎಡಗಾಲು. ಚಳಿಗಾಲದ ಬೆಳಗಿನಲ್ಲಿ ಒಲೆಯ ಮುಂದೆ ಕಾಲು ಚಾಚಿ ಕಾಯಿಸಿಕೊಂಡಿದ್ದಾರೆ, ಸುಟ್ಟದ್ದು ಗೊತ್ತಾಗಿಲ್ಲ. ವಾಸನೆ ಬಂದ ಮೇಲೆ ಮನೆಯಾಕೆ ನೋಡಿದ್ದಾರೆ. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಮಾರನೆಯ ದಿನ ನಾನು ಅವರ ಮಗ್ಗುಲಲ್ಲಿ ನಿಂತು, ಕಾಲನ್ನು ದಿನವೂ ನೋಡಿಕೊಳ್ಳಬೇಕು, ಬೆಂಕಿಗೆ ಒಡ್ಡಬಾರದು, ಬರಿಗಾಲಿನಲ್ಲಿ ತಿರುಗಬಾರದು ಎಂದೆಲ್ಲ ಹೇಳಿದೆ. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, "ಅಂಗಂತ ಆವತ್ತೇ ಹೇಳಿದ್ರೆ ನಾನೇ ನೋಡ್ಕತಿದ್ನಲ್ಲಾ, ಸಿಸ್ಟರಮ್ಮ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಮರೆಯುತ್ತಿದ್ದೆನೋ ಏನೋ.

ನಾವು ಕೆಲಸಗಳ್ಳರಾಗಿರಲಿಲ್ಲ. ಕೈಲಾದಮಟ್ಟಿಗೆ ದುಡಿದಿದ್ದೆವು. ಆದರೆ ರೋಗಿಗಾಗಿ ಎಲ್ಲವನ್ನೂ ಮಾಡಿ ಮುಗಿಸುವುದೇ ಶುಶ್ರೂಷೆ ಎಂದು ತಿಳಿದಿದ್ದೆವು. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಆ ಕಾಲನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಯೇ ನಮಗೆ ಹೊಳೆದಿರಲಿಲ್ಲ. ಕೆಲವು ವರ್ಷಗಳ ಮೇಲೆ ನಾನು ಹೆಚ್ಚಿನ ವ್ಯಾಸಂಗಕ್ಕೆ ಹೋದಾಗ, ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು ಒಬ್ಬ ಅಮೆರಿಕದ ದಾದಿ ತಮ್ಮ ಬಾಳಿನ ಬಹುಭಾಗವನ್ನೇ ಅದಕ್ಕೆ ಕೊಟ್ಟಿದ್ದರೆಂಬುದು ತಿಳಿಯಿತು. ಅವರ ಹೆಸರು ಡೊರೊಥಿಯಾ ಒರೆಮ್. ಅವರು ರೂಪಿಸಿದ್ದು ಸ್ವಯಂ ಆರೈಕೆಯ ಸಿದ್ಧಾಂತ. ಈಗ ನಮ್ಮ ಶುಶ್ರೂಷಾ ಕಾಲೇಜುಗಳ ಪಾಠಗಳಲ್ಲಿ ಆ ಹೆಸರು ಬರುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಯಾಗಿಯೂ ಬರುತ್ತದೆ. ಆದರೆ ಪರೀಕ್ಷೆಗಿಂತ ಹೆಚ್ಚಾಗಿ ಅದು ರೋಗಿಯ ಹಾಸಿಗೆಯ ಮಗ್ಗುಲಿಗೆ ಸೇರಿದ ವಿಷಯ. ಮನೆಯಲ್ಲಿ ಒಬ್ಬರಾದರೂ ಕಾಯಿಲೆಯವರಿರುವ ಎಲ್ಲರೂ ತಿಳಿಯತಕ್ಕದ್ದು.

ಒರೆಮ್ ಅವರು ಹುಟ್ಟಿದ್ದು 1914ರಲ್ಲಿ, ಬಾಲ್ಟಿಮೋರ್ ನಗರದಲ್ಲಿ. ವಾಷಿಂಗ್ಟನ್ನಿನಲ್ಲಿ ದಾದಿಯ ತರಬೇತು ಪಡೆದು, ವಾರ್ಡುಗಳಲ್ಲಿ ದುಡಿದು, 1940ರ ದಶಕದಲ್ಲಿ ಡೆಟ್ರಾಯಿಟ್ ನಗರದ ಒಂದು ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆಯ ಮುಖ್ಯಸ್ಥೆಯಾಗಿದ್ದರು. 1949ರಿಂದ 1957ರವರೆಗೆ ಇಂಡಿಯಾನಾ ಸಂಸ್ಥಾನದ ಆರೋಗ್ಯ ಇಲಾಖೆಯಲ್ಲಿದ್ದುಕೊಂಡು ಅಲ್ಲಿನ ಆಸ್ಪತ್ರೆಗಳ ಶುಶ್ರೂಷೆಯ ಮಟ್ಟವನ್ನು ಏರಿಸುವ ಕೆಲಸ ಮಾಡಿದರು. ಆಗ ಅವರಿಗೆ ಒಂದು ವಿಚಿತ್ರ ಸಂಗತಿ ಕಂಡಿತು. ದಾದಿಯರಿಗೆ ಕೆಲಸ ಮಾಡುವುದು ಗೊತ್ತು. ಆದರೆ 'ನಿಮ್ಮ ಕೆಲಸ ಏನು, ನಿಮಗೆ ಏನು ಬೇಕು?' ಎಂದು ಆಸ್ಪತ್ರೆಯ ಆಡಳಿತದವರು ಕೇಳಿದರೆ ಬಿಡಿಸಿ ಹೇಳಲು ಬಾರದು. 1957ರಲ್ಲಿ ಒರೆಮ್ ವಾಷಿಂಗ್ಟನ್ನಿನ ಶಿಕ್ಷಣ ಕಛೇರಿಗೆ ಬಂದರು. ದಾದಿಯರ ಒಂದು ವರ್ಗಕ್ಕೆ ಪಾಠಕ್ರಮ ಸಿದ್ಧಪಡಿಸುವ ಕೆಲಸ ಅವರ ಪಾಲಿಗೆ ಬಂತು. ಏನನ್ನು ಕಲಿಸಬೇಕು ಎಂದು ನಿರ್ಧರಿಸಬೇಕಾದರೆ, ದಾದಿ ಏಕೆ ಬೇಕು ಎಂಬುದು ಮೊದಲು ತಿಳಿಯಬೇಕಲ್ಲವೆ?

ಅವರು ತಮಗೆ ತಾವೇ ಹಾಕಿಕೊಂಡ ಪ್ರಶ್ನೆ ಬಹಳ ಸರಳವಾದುದು. ಒಬ್ಬ ಮನುಷ್ಯನಿಗೆ ದಾದಿಯ ನೆರವು ಬೇಕು ಎಂದು ನಾವು ಯಾವಾಗ ಹೇಳುತ್ತೇವೆ? ಕಾಯಿಲೆಯಾದಾಗ ಎನ್ನಬಹುದು. ಆದರೆ ನೆಗಡಿಯಾದವರೆಲ್ಲರೂ ದಾದಿಯನ್ನು ಕರೆಯುವುದಿಲ್ಲ. ಬಿಸಿನೀರು ಕುಡಿದು, ಕಂಬಳಿ ಹೊದ್ದು ಮಲಗಿ ಎದ್ದುಬಿಡುತ್ತಾರೆ. ಹಾಗಾದರೆ ಕಾಯಿಲೆಯೊಂದೇ ಕಾರಣವಲ್ಲ. ಒರೆಮ್ ಕಂಡುಕೊಂಡ ಉತ್ತರ ಇದು: ತನ್ನ ಆರೋಗ್ಯದ ಸ್ಥಿತಿಯ ಕಾರಣದಿಂದ, ತನಗೆ ಬೇಕಾದ ಆರೈಕೆಯನ್ನು ಬೇಕಾದಷ್ಟು, ಎಡೆಬಿಡದೆ, ತಾನೇ ಕೊಟ್ಟುಕೊಳ್ಳಲು ಆಗದಿದ್ದಾಗ ಮನುಷ್ಯನಿಗೆ ದಾದಿ ಬೇಕು. ಮಗುವಿನ ವಿಷಯದಲ್ಲಾದರೆ, ಆ ಆರೈಕೆಯನ್ನು ಕೊಡಲು ತಂದೆತಾಯಿಗೆ ಆಗದಿದ್ದಾಗ. ಈ ಮಾತು 1959ರಲ್ಲಿ ಆ ಪಾಠಕ್ರಮದ ಕೈಪಿಡಿಯಲ್ಲಿ ಅಚ್ಚಾಯಿತು. 1971ರಲ್ಲಿ ಇದನ್ನೇ ವಿಸ್ತರಿಸಿ ಒರೆಮ್ ಒಂದು ದೊಡ್ಡ ಗ್ರಂಥ ಬರೆದರು. 2001ರ ಹೊತ್ತಿಗೆ ಅದರ ಆರು ಆವೃತ್ತಿಗಳು ಹೊರಬಂದವು. ಅವರು ತೀರಿಕೊಂಡದ್ದು 2007ರಲ್ಲಿ.

ಇದು ಒಬ್ಬರ ತಲೆಯಲ್ಲಿ ಒಮ್ಮೆಲೇ ಹುಟ್ಟಿದ ವಿಚಾರವೆಂದು ಹೇಳಬೇಕಾದ್ದಿಲ್ಲ. 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಮೇಲೆ ಬರೆದ ಪ್ರಸಿದ್ಧ ಪುಸ್ತಕ ಮುಖ್ಯವಾಗಿ ಮನೆಯಲ್ಲಿ ಇತರರ ಆರೋಗ್ಯದ ಹೊಣೆ ಹೊತ್ತ ಹೆಂಗಸರಿಗಾಗಿ ಬರೆದದ್ದು. ವರ್ಜೀನಿಯಾ ಹೆಂಡರ್ಸನ್ ಎಂಬ ಇನ್ನೊಬ್ಬ ಅಮೆರಿಕದ ದಾದಿ, ಶಕ್ತಿಯೂ ಮನಸ್ಸೂ ತಿಳಿವಳಿಕೆಯೂ ಇದ್ದರೆ ರೋಗಿ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಗಳಲ್ಲಿ ನೆರವಾಗಿ, ಆದಷ್ಟು ಬೇಗ ಅವನನ್ನು ಸ್ವತಂತ್ರನನ್ನಾಗಿ ಮಾಡುವುದೇ ದಾದಿಯ ಕೆಲಸವೆಂದು ಹೇಳಿದ್ದರು. ಒರೆಮ್ ಅವರ ಹೆಚ್ಚುಗಾರಿಕೆ ಎಂದರೆ, ಆ ನೆರವು ಎಷ್ಟು ಎಂಬುದಕ್ಕೆ ಒಂದು ಅಳತೆಯನ್ನು ಒದಗಿಸಿಕೊಟ್ಟದ್ದು.

ಆ ಅಳತೆಯನ್ನು ತಿಳಿಯುವ ಮೊದಲು, ಸ್ವಯಂ ಆರೈಕೆ ಎಂದರೇನು ಎಂಬುದನ್ನು ನೋಡೋಣ. ಬಾಣಂತಿಯ ಆರೈಕೆ, ಮಗುವಿನ ಆರೈಕೆ ಎಂದು ನಾವು ಹೇಳುತ್ತೇವೆ. ತನ್ನ ಆರೈಕೆ ತಾನೇ ಎಂದರೆ ಕಿವಿಗೆ ಸ್ವಲ್ಪ ಹೊಸದಾಗಿ ಕೇಳಿಸುತ್ತದೆ. ಆದರೆ ದಿನದಿನವೂ ನಾವು ಮಾಡುತ್ತಿರುವುದು ಅದನ್ನೇ. ಬೆಳಗ್ಗೆ ಎದ್ದು ಹಲ್ಲುಜ್ಜುತ್ತೇವೆ, ಹಸಿದಾಗ ಉಣ್ಣುತ್ತೇವೆ, ದಣಿದಾಗ ಕೂರುತ್ತೇವೆ, ಮಳೆ ಬಂದರೆ ಕೊಡೆ ಹಿಡಿಯುತ್ತೇವೆ. ಇವು ಹುಟ್ಟಿನಿಂದ ಬಂದವಲ್ಲ. ತಾಯಿ, ಅಜ್ಜಿ, ನೆರೆಹೊರೆಯವರು, ಶಾಲೆಯ ಮೇಷ್ಟರು ಕಲಿಸಿಕೊಟ್ಟವು. ಕಲಿತದ್ದು ಎಂಬ ಮಾತು ಮುಖ್ಯ. ಕಲಿತದ್ದಾದರೆ ಮತ್ತೆ ಕಲಿಯಬಹುದು, ಹೊಸದಾಗಿಯೂ ಕಲಿಯಬಹುದು.

ಎಲ್ಲ ಮನುಷ್ಯರಿಗೂ ಸಮಾನವಾದ ಎಂಟು ಅಗತ್ಯಗಳನ್ನು ಒರೆಮ್ ಎಣಿಸುತ್ತಾರೆ. ಗಾಳಿ, ನೀರು, ಆಹಾರ ಈ ಮೂರು. ನಾಲ್ಕನೆಯದು ಮಲಮೂತ್ರಗಳ ವಿಸರ್ಜನೆ. ಐದನೆಯದು ದುಡಿಮೆ ಮತ್ತು ವಿಶ್ರಾಂತಿಗಳ ಹೊಂದಾಣಿಕೆ. ಆರನೆಯದು ಏಕಾಂತ ಮತ್ತು ಜನರ ಒಡನಾಟಗಳ ಹೊಂದಾಣಿಕೆ. ಏಳನೆಯದು ಅಪಾಯಗಳಿಂದ ರಕ್ಷಣೆ. ಎಂಟನೆಯದು ಎಲ್ಲರಂತೆ ಬಾಳಬೇಕು, ನಾಲ್ವರ ನಡುವೆ ತಾನೂ ಒಬ್ಬನಾಗಿರಬೇಕು ಎಂಬ ಆಸೆ. ಆರನೆಯದನ್ನೂ ಎಂಟನೆಯದನ್ನೂ ವಿಶೇಷವಾಗಿ ಗಮನಿಸಬೇಕು. ನಾಡಿ, ಜ್ವರ, ರಕ್ತದೊತ್ತಡಗಳನ್ನು ಬರೆದಿಡುವ ನಮ್ಮ ಕಾಗದಗಳಲ್ಲಿ ಈ ಎರಡಕ್ಕೆ ಬಹಳ ಸಲ ಜಾಗವೇ ಇರುವುದಿಲ್ಲ.

ಇವಲ್ಲದೆ, ವಯಸ್ಸಿನ ಹಂತಹಂತಕ್ಕೆ ಬರುವ ಅಗತ್ಯಗಳಿವೆ. ಎಳೆಮಗುವಿನದು ಒಂದು, ಬಸುರಿಯದು ಒಂದು, ಮುಪ್ಪಿನವರದು ಇನ್ನೊಂದು. ಕಾಯಿಲೆಯೇ ತಂದೊಡ್ಡುವ ಅಗತ್ಯಗಳು ಬೇರೆ: ಔಷಧಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು, ಗಾಯವನ್ನು ಕಾಪಾಡುವುದು, ಯಾವ ಲಕ್ಷಣ ಕಂಡರೆ ಡಾಕ್ಟರ ಬಳಿಗೆ ಓಡಬೇಕೆಂದು ತಿಳಿದಿರುವುದು, ಮುಂಚಿನಂತಿಲ್ಲದ ಶರೀರದೊಡನೆ ಬಾಳಲು ಕಲಿಯುವುದು.

ಈಗ ಅಳತೆಯ ಮಾತು. ಇದು ಪ್ರಾಥಮಿಕ ಶಾಲೆಯ ಕಳೆಯುವ ಲೆಕ್ಕದಂತಿದೆ. ಒಂದು ಕಡೆ, ಈ ಮನುಷ್ಯನಿಗೆ ಇಂದು ಎಷ್ಟು ಆರೈಕೆ ಬೇಕು ಎಂದು ಬರೆಯಬೇಕು. ಇನ್ನೊಂದು ಕಡೆ, ಅದರಲ್ಲಿ ಅವನು ತಾನೇ ಎಷ್ಟು ಮಾಡಿಕೊಳ್ಳಬಲ್ಲ ಎಂದು ಬರೆಯಬೇಕು. ಈ ಬಲ್ಲ ಎಂಬುದರಲ್ಲಿ ತಿಳಿವಳಿಕೆ, ಕೈಯ ಕೌಶಲ, ಮನಸ್ಸು ಮೂರೂ ಸೇರಿವೆ. ಜೊತೆಗೆ ಅವನ ವಯಸ್ಸು, ಮನೆಮಂದಿ, ಬಾಳುವ ರೀತಿ, ಕೈಯಲ್ಲಿರುವ ಅನುಕೂಲ. ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿಯುವುದೇ ಕೊರತೆ. ಆ ಕೊರತೆಯನ್ನು ತುಂಬುವಷ್ಟು ಮಾತ್ರ ದಾದಿಯ ಕೆಲಸ. ಕೊರತೆಗಿಂತ ಕಡಮೆ ಮಾಡಿದರೆ ರೋಗಿ ನರಳುತ್ತಾನೆ. ಹೆಚ್ಚು ಮಾಡಿದರೆ ಅವನಲ್ಲಿ ಉಳಿದಿರುವ ಶಕ್ತಿ ಬಳಕೆಯಿಲ್ಲದೆ ಕುಗ್ಗುತ್ತದೆ. ಕಡಮೆ ಮಾಡಿದ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ. ಹೆಚ್ಚು ಮಾಡಿದ ತಪ್ಪು ಕರುಣೆಯಂತೆ ಕಾಣುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬಳನ್ನು ನೆನೆಯಿರಿ. ಮತ್ತಿನ ಔಷಧಿಯ ಪ್ರಭಾವ ಇಳಿಯುವ ತನಕ ಅವಳ ಉಸಿರನ್ನೂ ದಾದಿಯೇ ಕಾಯಬೇಕು. ಮಗ್ಗುಲು ಬದಲಿಸುವುದು, ಬಾಯಿ ಒರಸುವುದು ಎಲ್ಲವೂ ದಾದಿಯದೇ. ಇದು ಪೂರ್ಣ ನೆರವು. ಮಾರನೆಯ ದಿನದಿಂದ ಸ್ಥಿತಿ ಬದಲಾಗುತ್ತದೆ. ಮುಖವನ್ನು ಅವಳೇ ತೊಳೆಯಬಲ್ಲಳು, ಬೆನ್ನನ್ನು ದಾದಿ ಒರಸಬೇಕು. ನಾಲ್ಕು ಹೆಜ್ಜೆ ಅವಳೇ ಇಡಬಲ್ಲಳು, ತೋಳನ್ನು ದಾದಿ ಹಿಡಿಯಬೇಕು. ಇದು ಪಾಲುನೆರವು. ಮನೆಗೆ ಹೊರಡುವ ಹೊತ್ತಿಗೆ ಎಲ್ಲವನ್ನೂ ಅವಳೇ ಮಾಡಿಕೊಳ್ಳುತ್ತಾಳೆ. ಆದರೆ ಹೊಲಿಗೆಯನ್ನು ಹೇಗೆ ಕಾಪಾಡಬೇಕು, ಎಷ್ಟು ದಿನ ಕೊಡ ಎತ್ತಬಾರದು, ಗಾಯ ಕೆಂಪಾದರೆ ಏನು ಮಾಡಬೇಕು ಎಂಬುದನ್ನು ಹೇಳಿಕೊಡಬೇಕು, ಧೈರ್ಯ ಕೊಡಬೇಕು. ಇದು ಕಲಿಸುವ ನೆರವು. ಒಬ್ಬಳೇ ರೋಗಿ ಒಂದೇ ವಾರದಲ್ಲಿ ಈ ಮೂರನ್ನೂ ದಾಟುತ್ತಾಳೆ. ಆದುದರಿಂದ ಲೆಕ್ಕವನ್ನು ದಿನವೂ ಹೊಸದಾಗಿ ಮಾಡಬೇಕು. ನಿನ್ನೆಯ ಲೆಕ್ಕದ ಮೇಲೆ ಇವತ್ತಿನ ಶುಶ್ರೂಷೆ ನಡೆಯುವುದಿಲ್ಲ.

ಇದು ಕೇಳುವುದಕ್ಕೆ ಸುಲಭ, ನಡೆಸುವುದಕ್ಕೆ ಕಷ್ಟ. ಪಾರ್ಶ್ವವಾಯು ಬಡಿದು ಒಂದು ಕೈ ಬಿದ್ದುಹೋದ ರೋಗಿಯ ಊಟವನ್ನೇ ನೋಡಿ. ನುಂಗುವ ಶಕ್ತಿ ಸರಿಯಾಗಿದೆಯೆ ಎಂದು ಮೊದಲು ಪರೀಕ್ಷಿಸಬೇಕು. ಇಲ್ಲವಾದರೆ ಆಹಾರ ಶ್ವಾಸನಾಳಕ್ಕೆ ಹೋಗಿ ಪ್ರಾಣಕ್ಕೇ ಅಪಾಯ. ನುಂಗುವುದು ಸರಿಯಾಗಿದ್ದರೆ ಅವನನ್ನು ನೆಟ್ಟಗೆ ಕೂರಿಸಿ, ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ, ಒಳ್ಳೆಯ ಕೈಗೆ ಚಮಚ ಕೊಟ್ಟು ಪಕ್ಕದಲ್ಲಿ ಕಾದಿರಬೇಕು. ದಾದಿ ತಾನೇ ತಿನ್ನಿಸಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಊಟ, ಅವನೇ ತಿಂದರೆ ಅರ್ಧ ಗಂಟೆ ಹಿಡಿಯುತ್ತದೆ. ಅನ್ನ ಚೆಲ್ಲುತ್ತದೆ, ಅವನಿಗೆ ನಾಚಿಕೆಯಾಗುತ್ತದೆ, ಅಳುವೂ ಬರಬಹುದು. ವಾರ್ಡಿನಲ್ಲಿ ಇನ್ನೂ ಮೂವತ್ತು ಜನ ಕಾದಿದ್ದಾರೆ. ಇಂತಹ ಹೊತ್ತಿನಲ್ಲಿ ಚಮಚವನ್ನು ಕಸಿದುಕೊಂಡು ತಾನೇ ತಿನ್ನಿಸಿಬಿಡೋಣ ಎಂದು ಯಾವ ದಾದಿಗೆ ಅನ್ನಿಸುವುದಿಲ್ಲ? ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಸುಮ್ಮನೆ ಕಾಯುವುದೂ ಕೆಲಸವೇ ಎಂದು ದಾದಿಯೂ ತಿಳಿಯಬೇಕು, ಅವಳ ಮೇಲಿನವರೂ ತಿಳಿದು ಅದಕ್ಕೆ ವೇಳೆಯನ್ನೂ ಜನರನ್ನೂ ಒದಗಿಸಬೇಕು.

ಆ ರೈತರ ಕಾಯಿಲೆಗೆ ಮತ್ತೆ ಬರೋಣ. ಏಕೆಂದರೆ ಸ್ವಯಂ ಆರೈಕೆಯಿಲ್ಲದೆ ಒಂದು ದಿನವೂ ನಡೆಯದ ಕಾಯಿಲೆ ಅದು. 1922ರ ಜನವರಿಯಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಕೊಟ್ಟರು. ಸಾವು ನಿಶ್ಚಯವೆಂದಿದ್ದ ಮಕ್ಕಳು ಬದುಕಿಕೊಂಡರು. ಆದರೆ ಬಾಳಿನುದ್ದಕ್ಕೂ ದಿನವೂ ಚುಚ್ಚಬೇಕಾದ ಔಷಧಿಯನ್ನು ಯಾವ ಡಾಕ್ಟರು ತಾನೆ ಮನೆಮನೆಗೆ ಹೋಗಿ ಚುಚ್ಚಿಯಾರು? ಬಾಸ್ಟನ್ ನಗರದ ಡಾಕ್ಟರ್ ಎಲಿಯಟ್ ಜಾಸ್ಲಿನ್ ಇದನ್ನು ಮೊದಲೇ ಮನಗಂಡಿದ್ದರು. ಇನ್ಸುಲಿನ್ ಬರುವುದಕ್ಕೂ ಮುಂಚೆ, 1918ರಲ್ಲಿ, ವೈದ್ಯರೂ ರೋಗಿಯೂ ಕೂಡಿ ಬಳಸಬೇಕಾದ ಒಂದು ಕೈಪಿಡಿಯನ್ನು ಅವರು ಬರೆದರು. ರೋಗಿಗಳಿಗೆ ಹೇಳಿಕೊಡುವುದಕ್ಕಾಗಿಯೇ ದಾದಿಯರನ್ನು ತಯಾರು ಮಾಡಿದರು. ಒರೆಮ್ ಅವರ ಗ್ರಂಥಕ್ಕೆ 50 ವರ್ಷಗಳಿಗೂ ಹಿಂದಿನ ಮಾತು ಇದು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇವರಲ್ಲೊಬ್ಬರು ತಿಂಗಳಿಗೊಮ್ಮೆ ಡಾಕ್ಟರ ಬಳಿಗೆ ಹೋಗಿ ಹತ್ತು ನಿಮಿಷ ಕುಳಿತರು ಎನ್ನೋಣ. ವರ್ಷಕ್ಕೆ 2 ಗಂಟೆಯಾಯಿತು. ವರ್ಷಕ್ಕೆ 8,760 ಗಂಟೆಗಳು. ಉಳಿದ 8,758 ಗಂಟೆಗಳ ಕಾಲ ಅವರ ಕಾಯಿಲೆಯನ್ನು ನೋಡಿಕೊಳ್ಳುವವರು ಯಾರು? ಅವರೇ, ಅಥವಾ ಅವರ ಮನೆಯವರು. ಎಷ್ಟೇ ಆಸ್ಪತ್ರೆಗಳನ್ನು ಕಟ್ಟಿದರೂ ಈ ಲೆಕ್ಕ ಹೆಚ್ಚಾಗಿ ಬದಲಾಗುವುದಿಲ್ಲ.

ಆದುದರಿಂದ ಹೇಳಿಕೊಡುವುದು ಶುಶ್ರೂಷೆಯ ಕೊನೆಯಲ್ಲಿ ಬಾಗಿಲ ಬಳಿ ನಿಂತು ಆಡುವ ನಾಲ್ಕು ಮಾತುಗಳಾಗಬಾರದು. ರೋಗಿ ಒಳಗೆ ಬಂದ ಎರಡು ಮೂರು ದಿನಗಳಲ್ಲೇ ಅದು ಆರಂಭವಾಗಬೇಕು. 'ಗೊತ್ತಾಯಿತೆ?' ಎಂದು ಕೇಳಿದರೆ ನಮ್ಮ ಜನ ಮರ್ಯಾದೆಗಾಗಿ 'ಆಯಿತು' ಎಂದುಬಿಡುತ್ತಾರೆ. 'ಎಲ್ಲಿ, ಮಾಡಿ ತೋರಿಸಿ' ಎನ್ನಬೇಕು. ಇನ್ಸುಲಿನ್ನಿನ ಬಾಟಲಿ 40 ಯೂನಿಟಿನದಾದರೆ ಸಿರಿಂಜೂ 40ರದೇ ಆಗಿರಬೇಕು. 100ರ ಬಾಟಲಿಯಿಂದ 40ರ ಸಿರಿಂಜಿಗೆ ಎಳೆದರೆ ಎರಡೂವರೆಯಷ್ಟು ಔಷಧಿ ಒಳಗೆ ಹೋಗುತ್ತದೆ. ಓದು ಬಾರದವರಿಗೆ ಸಿರಿಂಜಿನ ಮೇಲೆ ಗುರುತು ಹಾಕಿಕೊಡಬಹುದು. ಫ್ರಿಜ್ ಇಲ್ಲದ ಮನೆಯಾದರೆ ಬಾಟಲಿಗೆ ನೀರು ತಗಲದಂತೆ ಕಟ್ಟಿ, ಮಣ್ಣಿನ ಕುಡಿಕೆಯ ತಂಪಿನಲ್ಲಿ ಇಡಲು ಹೇಳಬಹುದು. ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂದರೆ ರಕ್ತದಲ್ಲಿ ಸಕ್ಕರೆ ಇಳಿದಿದೆಯೆಂದು ತಿಳಿದು, ಎಚ್ಚರವಿರುವಾಗಲೇ ಮೂರು ಚಿಕ್ಕ ಚಮಚ ಸಕ್ಕರೆ ತಿನ್ನಬೇಕೆಂಬುದನ್ನು ಮನೆಯವರಿಗೂ ಹೇಳಬೇಕು.

ಕಾಲಿನ ವಿಷಯವೂ ಹೀಗೆಯೇ. ರಾತ್ರಿ ಮಲಗುವ ಮುಂಚೆ ದೀಪದ ಬೆಳಕಿನಲ್ಲಿ ಎರಡು ಕಾಲುಗಳನ್ನೂ ನೋಡಬೇಕು. ಅಂಗಾಲು ಕಾಣದಿದ್ದರೆ ಕ್ಷೌರದ ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಬೇಕು. ಬೆರಳ ಸಂದುಗಳನ್ನು ಒರಸಿ ಒಣಗಿಸಬೇಕು. ಬಿಸಿನೀರಿಗೆ ಕಾಲಿಡುವ ಮೊದಲು ಮೊಣಕೈಯಿಂದ ಮುಟ್ಟಿ ನೋಡಬೇಕು. ಚಪ್ಪಲಿ ಹಾಕುವ ಮುಂಚೆ ಕೈಯಾಡಿಸಿ, ಕಲ್ಲು, ಮೊಳೆ ಇದೆಯೇ ಎಂದು ನೋಡಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬಾರದು. ಇವುಗಳಲ್ಲಿ ಕಷ್ಟದ ವಿದ್ಯೆ ಯಾವುದೂ ಇಲ್ಲ. ಆದರೆ ಯಾರಾದರೂ ಹೇಳಬೇಕು, ಹೇಳಿದ್ದನ್ನು ಮಾಡಿಸಿ ನೋಡಬೇಕು.

ಇಲ್ಲಿ ಕೇಳುಗರಲ್ಲಿ ಕೆಲವರಿಗೆ ಒಂದು ಸಂದೇಹ ಬರಬಹುದು. ಇದೆಲ್ಲ ಒಬ್ಬೊಬ್ಬರೇ ಬಾಳುವ ದೇಶದ ಮಾತಲ್ಲವೆ? ನಮ್ಮಲ್ಲಿ ಕಾಯಿಲೆಯವರಿಗೆ ತುತ್ತು ಕೊಡಲು ಮನೆತುಂಬ ಜನರಿದ್ದಾರೆ. ನಿನ್ನ ಆರೈಕೆ ನೀನೇ ಮಾಡಿಕೋ ಎನ್ನುವುದು ನಿಷ್ಕರುಣೆಯಲ್ಲವೆ? ಒರೆಮ್ ಅವರ ಸಿದ್ಧಾಂತದಲ್ಲಿ ಮನೆಯವರಿಗೂ ಸ್ಥಾನವಿದೆ. ತಾನೇ ಮಾಡಿಕೊಳ್ಳಲಾಗದ ಮಗುವಿಗೆ, ವೃದ್ಧರಿಗೆ, ಮನೆಯವರು ಮಾಡುವ ಆರೈಕೆಯನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುವ ಮಗಳನ್ನೋ ಸೊಸೆಯನ್ನೋ ದಾರಿಗೆ ಅಡ್ಡವೆಂದು ಗದರಿಸುವ ಬದಲು, ನಾಳೆ ಮನೆಯಲ್ಲಿ ದಾದಿಯಾಗಬೇಕಾದವಳು ಇವಳೇ ಎಂದು ಕೂರಿಸಿಕೊಂಡು ಕಲಿಸಬೇಕು.

ಆದರೆ ಮನೆಯವರೂ ಆ ಕಳೆಯುವ ಲೆಕ್ಕವನ್ನು ಮರೆಯಬಾರದು. ನನ್ನ ತಾಯಿಗೆ ಕೊನೆಗಾಲದಲ್ಲಿ ಎಡಗೈ, ಎಡಗಾಲು ಬಿದ್ದುಹೋದವು. ನಮ್ಮ ಅತ್ತಿಗೆ ಬಹಳ ಒಳ್ಳೆಯವರು; ಅಮ್ಮ ಬಲಗೈ ಎತ್ತುವುದಕ್ಕೂ ಬಿಡುತ್ತಿರಲಿಲ್ಲ. "ನೀವು ಸುಮ್ಮನೆ ಕೂತಿರಿ ಅತ್ತೆ, ನಾನು ಮಾಡ್ತೀನಿ" ಎನ್ನುವರು. ಕೆಲವು ತಿಂಗಳಲ್ಲಿ ಅಮ್ಮ ಮಾತನ್ನೂ ಕಡಮೆ ಮಾಡಿದರು. ನಾನು ನೋಡಲು ಹೋದಾಗ, "ಎಲ್ಲಾ ಮಾಡಿ ಕೊಡ್ತಾರೆ ಕಣೆ. ನನಗೆ ಮಾಡೋಕೆ ಏನೂ ಉಳಿದಿಲ್ಲ" ಎಂದರು. ಅತ್ತಿಗೆಯೊಡನೆ ಕೂತು ಯೋಚಿಸಿದೆ. ಬತ್ತಿ ಹೊಸೆಯುವುದಕ್ಕೆ ಒಂದು ಕೈ ಸಾಕು, ತೊಡೆಯ ಮೇಲೆ ಹೊಸೆಯಬಹುದು. ಅರಳೆಯ ಬುಟ್ಟಿಯನ್ನು ಅಮ್ಮನ ಮುಂದಿಟ್ಟೆವು. ಮೊದಲು ಬತ್ತಿಗಳು ಸೊಟ್ಟಸೊಟ್ಟಗಾದವು. ತಿಂಗಳು ಕಳೆಯುವಷ್ಟರಲ್ಲಿ ಬೀದಿಯ ನಾಲ್ಕು ಮನೆಗಳಿಗೆ ಅಮ್ಮನದೇ ಬತ್ತಿ. ಅದನ್ನು ಕೇಳಿಕೊಂಡು ಬಂದವರೊಡನೆ ಅಮ್ಮ ಮತ್ತೆ ಮಾತನಾಡತೊಡಗಿದರು. ಆಮೇಲೆ ಮುಖ ತೊಳೆಯುವುದು, ತಲೆ ಬಾಚುವುದು ತಾವಾಗಿಯೇ ಬಂದವು. ಎಲ್ಲರಂತೆ ಬಾಳಬೇಕೆಂಬ ಆ ಎಂಟನೆಯ ಅಗತ್ಯವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಆ ಬತ್ತಿಬುಟ್ಟಿಯ ಮುಂದೆ.

ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಈ ಮಾತನ್ನು ಮುಗಿಸಬಾರದು. ಸ್ವಯಂ ಆರೈಕೆ ಎಂಬ ಹೆಸರಿನಲ್ಲಿ ರೋಗಿಯನ್ನು ಬೇಗ ಮನೆಗೆ ಸಾಗಹಾಕಿ ಕೈತೊಳೆದುಕೊಳ್ಳುವುದಕ್ಕೂ ಅವಕಾಶವುಂಟು. ಕಾಯಿಲೆ ಹೆಚ್ಚಿದರೆ, 'ಹೇಳಿದ್ದೆವಲ್ಲ, ನೀನೇ ನೋಡಿಕೊಳ್ಳಲಿಲ್ಲ' ಎಂದು ತಪ್ಪನ್ನು ಅವನ ತಲೆಗೇ ಕಟ್ಟಬಹುದು. ಇದು ಒರೆಮ್ ಅವರ ಸಿದ್ಧಾಂತಕ್ಕೆ ತೀರ ವಿರುದ್ಧವಾದುದು. ಕೊರತೆಯನ್ನು ಅಳೆಯದೆ ಬಿಟ್ಟುಬಿಡಲು ಅದರಲ್ಲಿ ಎಲ್ಲಿಯೂ ಅನುಮತಿಯಿಲ್ಲ. ರೋಗಿಗೆ ಏನೂ ಆಗದಿರುವಾಗ ಎಲ್ಲವನ್ನೂ ದಾದಿಯೇ ಮಾಡಬೇಕೆಂಬುದೂ ಅದರ ವಿಧಿಯೇ. ಬರಿಗಾಲಿನಲ್ಲಿ ನಡೆಯಬೇಡಿ ಎಂದು ಹೇಳುವುದು ಸುಲಭ. ಮೆತ್ತನೆಯ ಚಪ್ಪಲಿ ಕೊಳ್ಳಲು ಹಣವಿಲ್ಲದವನಿಗೆ ಇರುವುದು ತಿಳಿವಳಿಕೆಯ ಕೊರತೆಯಲ್ಲ, ಚಪ್ಪಲಿಯ ಕೊರತೆ. ಅದನ್ನು ಯಾರು ತುಂಬಬೇಕು ಎಂಬ ಪ್ರಶ್ನೆ ದಾದಿಯನ್ನು ದಾಟಿ ಆಸ್ಪತ್ರೆಗೆ, ಸರ್ಕಾರಕ್ಕೆ, ನಮ್ಮೆಲ್ಲರಿಗೆ ಮುಟ್ಟುತ್ತದೆ.

ಆ ರೈತರು ಎರಡನೆಯ ಸಲ ಮೂರು ವಾರ ನಮ್ಮ ವಾರ್ಡಿನಲ್ಲಿದ್ದರು. ಈ ಸಲ ಪಟ್ಟಿ ಬಿಚ್ಚುವಾಗ ಅವರನ್ನು ಎಬ್ಬಿಸಿ ಕೂರಿಸಿ, ಕಾಲನ್ನು ಅವರ ಕಣ್ಣಿಗೆ ತೋರಿಸಿದೆ. ಹದಿನೈದನೆಯ ದಿನದ ಹೊತ್ತಿಗೆ ಪಟ್ಟಿಯನ್ನು ಅವರೇ ಕಟ್ಟಿಕೊಂಡರು; ನನಗಿಂತ ಸ್ವಲ್ಪ ನಿಧಾನ, ಆದರೆ ಗಂಟು ಬಿಗಿಯಾಗಿತ್ತು. ಅವರ ಹೆಂಡತಿ ನನ್ನ ಎದುರಿಗೇ ಇನ್ಸುಲಿನ್ ಚುಚ್ಚುವುದನ್ನು ಕಲಿತರು. ಆಮೇಲೆ ನಾನು ಆ ಊರಿನಲ್ಲಿದ್ದ ಅಷ್ಟೂ ವರ್ಷ, ಔಷಧಿಗೆ ಬಂದಾಗಲೆಲ್ಲ ವಾರ್ಡಿನ ಬಾಗಿಲಿಗೆ ಬಂದು, ಚಪ್ಪಲಿ ಕಳಚಿ, ಎರಡು ಕಾಲುಗಳನ್ನೂ ಎತ್ತಿ ತೋರಿಸಿ ಹೋಗುತ್ತಿದ್ದರು. ಇನ್ನೊಂದು ಬೆರಳು ಹೋಗಲಿಲ್ಲ.

ನಿಮ್ಮ ಮನೆಯಲ್ಲಿ ಕಾಯಿಲೆಯವರಿದ್ದರೆ ಇಂದು ಅವರಿಗಾಗಿ ಮಾಡುವ ಹತ್ತು ಕೆಲಸಗಳನ್ನು ಎಣಿಸಿ ನೋಡಿ. ಅವುಗಳಲ್ಲಿ ಯಾವ ಒಂದನ್ನು ಅವರೇ ಮಾಡಿಕೊಳ್ಳಬಲ್ಲರು ಎಂದು ಕೇಳಿ. ಆ ಒಂದನ್ನು ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತಿರಿ. ವೇಳೆ ಸ್ವಲ್ಪ ಹೆಚ್ಚಾಗಿ ಹಿಡಿದೀತು; ಹಿಡಿಯಲಿ.